ಒಳಮೈಯ ಹೊಳಪು

ಜೂನ್ 3, ಸೋಮವಾರ. ಲ್ಯಾಬ್

ಮತ್ತೆ ಬೆಂಚು ಒರೆಸಿದೆ. ಧೂಳೇ ಇಲ್ಲ. ಇರಲಿ, ಕೈಯಲ್ಲಿ ಬಟ್ಟೆ ಇದ್ದರೆ ಧೈರ್ಯ.

ಇವತ್ತೂ ಒಂದು ಆರ್ಡರ್ ಇಲ್ಲ. ಮೇನ್ ರೋಡಿನ ಹೊಸ ಕ್ಲಿನಿಕ್ ಮೆಷಿನ್ ತರಿಸಿದಾಗಿನಿಂದ ಹೀಗೇ. ಬಾಯಿಯನ್ನು ಅದೇ ಅಳೆದು ಕಟ್ಟುಹಲ್ಲನ್ನೂ ಅದೇ ಕೊರೆಯುತ್ತದಂತೆ. ಹಲ್ಲಿನ ಸೆಟ್ ಮಾಡುವ ನಮ್ಮ ಲ್ಯಾಬಿನ ಬಾಯಿಯೇ ಬಂದ್.

ಟ್ರೈನಿಂಗಿಗೆ ಸೇರಿಸಿಕೊಳ್ಳುವಾಗ ಲ್ಯಾಬ್ ಓನರ್ ಸಾರ್ ಹೇಳಿದ್ದು: ಸಂಬಳ ಇಲ್ಲ, ಜೂನ್ ಕೊನೆಗೆ ನೋಡೋಣ, ಇಟ್ಟುಕೊಳ್ಳುವುದೋ ಬಿಡುವುದೋ. ಬಿಟ್ಟರೆ ನನಗೆ ಲ್ಯಾಬ್ ಇಲ್ಲ. ಲ್ಯಾಬ್ ಇಲ್ಲದೆ ಕಾಲೇಜಿನಲ್ಲಿ ಸೆಕೆಂಡ್ ಇಯರ್ ಇಲ್ಲ. ಕೆಲಸವೇ ಬರದಿದ್ದರೆ ನನ್ನಲ್ಲಿ ಏನು ನೋಡುತ್ತಾರೆ?

ಅಕ್ಕ ಮಾತ್ರ ಸ್ಟೂಲಿನ ಮೇಲೆ ಕಾಲು ಚಾಚಿ ಕೂತಿದ್ದಾರೆ. ಸ್ವಂತ ಅಕ್ಕ ಅಲ್ಲ. ನಾನು ಒಂದನೇ ಕ್ಲಾಸಿನಲ್ಲಿದ್ದಾಗಿನಿಂದ ಇಲ್ಲಿ ಟೆಕ್ನಿಷಿಯನ್. ಸಾರ್‌ಗೂ ಅಕ್ಕ, ಟೀ ಅಂಗಡಿಯವನಿಗೂ ಅಕ್ಕ. ಸೊಂಟನೋವಿಗೆ ಇಂಥ ದಿನ ಒಳ್ಳೆಯದಂತೆ.

ಜೂನ್ 5

ಮೇಣದಲ್ಲಿ ದವಡೆ ಹಲ್ಲು ಕೆತ್ತಿದೆ. ಪ್ರಾಕ್ಟೀಸ್. ಅಕ್ಕ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. "ಇದು ಹಲ್ಲಾ, ಹೂಕೋಸಾ?"

ಕರಗಿಸಿ ಮತ್ತೆ ಕೆತ್ತಿದೆ. ಮತ್ತೆ ಹೂಕೋಸು.

ಆಮೇಲೆ ಪ್ಲಾಸ್ಟರ್ ಡಬ್ಬಗಳನ್ನೆಲ್ಲ ಇಳಿಸಿ, ಒರೆಸಿ, ಅಲ್ಲೇ ಏರಿಸಿದೆ. ಅಕ್ಕನಿಗೆ ನೋಡಿ ನೋಡಿ ಸುಸ್ತು. "ಕೆಲಸ ಇಲ್ಲದ ಬಡಗಿ ಮಗನ ಕುಂಡಿ ಕೆತ್ತಿದ್ನಂತೆ. ಸುಮ್ನೆ ಕೂತ್ಕೊಳೇ."

ಕೂರಲು ಬರುವುದಿಲ್ಲ ನನಗೆ. ಹಾಸ್ಟೆಲ್ ಬುದ್ಧಿ. ವಾರ್ಡನ್ ರೌಂಡ್ಸಿಗೆ ಬಂದಾಗ ಬರಿಗೈಯಲ್ಲಿ ಸಿಕ್ಕಿದವಳಿಗೆ ಪಾತ್ರೆ ತೊಳೆಯುವ ಶಿಕ್ಷೆ. ತಲೆಕೆಳಗಾಗಿ ಹಿಡಿದ ಪುಸ್ತಕವಾದರೂ ಸಾಕಿತ್ತು... ಚಪ್ಪಲಿ ಸದ್ದು ಕೇಳಿದರೆ ಇವತ್ತಿಗೂ ಕೈ ಏನನ್ನಾದರೂ ಹುಡುಕುತ್ತದೆ.

ಅಮ್ಮ ಫೋನ್ ಮಾಡಿದಳು. ಲ್ಯಾಬಲ್ಲಿ ತುಂಬಾ ರಶ್ ಅಂದೆ. ಊಟಕ್ಕಾದರೂ ಬಿಡುತ್ತಾರಾ ಅಂತ ಕೇಳಿದಳು ಪಾಪ.

ಜೂನ್ 8

ಬಸ್ಸಿನಲ್ಲಿ ಕೆರಿಯರ್ ವಿಡಿಯೋ ನೋಡಿದೆ. ಸ್ಲೋ ಪೀರಿಯಡ್ ಅಂದರೆ ಆಪರ್ಚುನಿಟಿಯಂತೆ. ಯಾರೂ ಹೇಳುವ ಮೊದಲೇ ಮಾಡಬೇಕಂತೆ. ಕೋಟು ಹಾಕಿದವನು, ಹಲ್ಲು ಫಳಫಳ. ಒಂದೂ ಸ್ವಂತದ್ದಲ್ಲ — ಅಷ್ಟು ಮಾತ್ರ ಕಲಿತಿದ್ದೇನೆ.

ಕಡೆಗೂ ಒಂದು ಆರ್ಡರ್ ಬಂತು. ಹಳೇ ಕ್ಲಿನಿಕ್‌ನಿಂದ, ಯಾರೋ ಅಜ್ಜಿಗೆ ಮೇಲಿನ ಸೆಟ್. ಅಕ್ಕ ಮಾಡುತ್ತಾರೆ. ನಾನು ನೋಡಬೇಕು.

ಜೂನ್ 11, ಮಂಗಳವಾರ. ಸಂಜೆ

ಇವತ್ತು ಒಳ್ಳೆಯ ದಿನ!!

ಅಕ್ಕ ಸೆಟ್ ಮುಗಿಸಿಟ್ಟು ಸೊಂಟ ತೋರಿಸಲು ಡಾಕ್ಟರ ಹತ್ತಿರ ಹೋದರು. ಒಬ್ಬಳೇ ಇದ್ದೆ. ಎತ್ತಿ ನೋಡಿದೆ. ಹೊರಗೆಲ್ಲ ಕನ್ನಡಿ. ಒಳಗೆ ಮಾತ್ರ ಒರಟು — ಸಣ್ಣ ಉಬ್ಬು, ಗೆರೆ, ಗುಳಿ. ನೋವಿನಲ್ಲಿ ಅವಸರವಾಗಿ ಬಿಟ್ಟಿರಬೇಕು ಅನ್ನಿಸಿತು. ಕೇಳುವ ಮೊದಲೇ ಮಾಡು! ಪಾಲಿಶ್ ಮೆಷಿನ್ ಹಾಕಿದೆ. ಉಜ್ಜಿದೆ, ತೊಳೆದೆ, ಮತ್ತೆ ಉಜ್ಜಿದೆ. ಒಳಮೈಯೂ ಕನ್ನಡಿಯಾಯಿತು.

ಸಾರ್ ಬಾಗಿಲಲ್ಲಿ ಇಣುಕಿದರು. ಮೆಷಿನ್ ಸದ್ದು ಕೇಳಿ ಎಷ್ಟು ದಿನವಾಯಿತು ಅಂದರು. ಗುಡ್ ಅಂದರು. ನನಗೇ ಅಂದದ್ದು.

ಅಕ್ಕನಿಗೆ ಹೇಳುವುದಿಲ್ಲ. ಸುಮ್ಮನೆ ಬೇಜಾರು ಮಾಡಿಕೊಳ್ಳುತ್ತಾರೆ. ಬೆಳಿಗ್ಗೆ ಹೋಗುವ ಪ್ಯಾಕೆಟ್ಟಿಗೆ ನಾನೇ ಹಾಕಿ ಅಂಟಿಸಿದೆ.

ಜೂನ್ 14, ಶುಕ್ರವಾರ

ಸೆಟ್ ವಾಪಸ್ ಬಂತು. ಅಜ್ಜಿ ಬಾಯಿ ತೆರೆದರೆ ಬೀಳುತ್ತದಂತೆ. ಮೊಮ್ಮಕ್ಕಳ ಎದುರು ನಗಲು ಹೋಗಿ ತಟ್ಟೆಗೇ ಬಿತ್ತಂತೆ.

ಸಾರ್ ದೀಪದ ಕೆಳಗೆ ಹಿಡಿದು ನೋಡಿದರು. ಅಕ್ಕನ ಕೈಗೆ ಕೊಟ್ಟರು. ಅಕ್ಕ ಹೆಬ್ಬೆರಳನ್ನು ಒಳಗೆ ಆಡಿಸಿದರು. ಜಾರಿತು. ಆಮೇಲೆ ನನ್ನ ಕಡೆ ನೋಡಿದರು.

ನನ್ನ ಕೈಯಲ್ಲಿ ಪೊರಕೆ ಇತ್ತು.

"ಆ ಉಬ್ಬು ತಗ್ಗು ಅಜ್ಜಿ ಬಾಯಿದು ಕಣೇ. ಅದನ್ನ ಹಿಡ್ಕೊಂಡೇ ಅದು ನಿಲ್ಲೋದು." ಸಿಟ್ಟಿರಲಿಲ್ಲ ಅಕ್ಕನ ದನಿಯಲ್ಲಿ. ಸಿಟ್ಟಿದ್ದರೆ ಅಳಬಹುದಿತ್ತು. ಸಾರ್ ನನ್ನನ್ನು ಟೀ ತರಲು ಕಳಿಸಿದರು. ವಾಪಸ್ ಬಂದಾಗ ಸಾರ್ ರೂಮಿನ ಬಾಗಿಲು ಹಾಕಿತ್ತು, ಅಕ್ಕ ಒಳಗಿದ್ದರು. ಟೀ ಹೊರಗೇ ಆರಿತು.

ರಾತ್ರಿ ನನ್ನ ರೂಮಿಗೆ ಬಂದು ಟೆಕ್ಸ್ಟ್ ಬುಕ್ ತೆಗೆದೆ. ಇದೆ. ನಮಗಿನ್ನೂ ಮಾಡದ ಚಾಪ್ಟರ್. ಒಳಮೈಗೆ ಪಾಲಿಶ್ ಕೂಡದು. ಒಂದೇ ಸಾಲು.

ಜೂನ್ 17, ಸೋಮವಾರ

ಅಕ್ಕನ ಸ್ಟೂಲ್ ಖಾಲಿ. ಮಸಾಜ್ ಎಣ್ಣೆಯ ಬಾಟಲಿ ಕೂಡ ಇಲ್ಲ. ಸೆಟ್ ಕೆಡಿಸಿದ್ದಕ್ಕೆ ತೆಗೆದರು ಅಂತ ಟೀ ಅಂಗಡಿಯವನು.

ಸಾರ್ ರೂಮಿಗೆ ಹೋದೆ. ನಾನೇ ಉಜ್ಜಿದ್ದು ಸಾರ್, ಅಕ್ಕ ಅಲ್ಲ — ಅಂದೇಬಿಟ್ಟೆ. ಹೋದರೆ ಹೋಗಲಿ ಸೆಕೆಂಡ್ ಇಯರ್.

ಸಾರ್ ಕನ್ನಡಕ ಒರೆಸುತ್ತಿದ್ದರು.

"ಗೊತ್ತಮ್ಮ. ಮೆಷಿನ್ ಮುಂದೆ ನಿನ್ನನ್ನ ನಾನೇ ನೋಡಿದ್ನಲ್ಲ."

"ಮತ್ತೆ ಅಕ್ಕನ್ನ ಯಾಕೆ ಸಾರ್..."

"ಅಕ್ಕನಿಗೆ ಸಂಬಳ ಕೊಡ್ಬೇಕು. ನಿನಗೆ ಕೊಡ್ಬೇಕಾ?"

ಕನ್ನಡಕ ಹಾಕಿಕೊಂಡರು. ನಿನ್ನನ್ನು ಇಟ್ಟುಕೊಂಡಿದ್ದೇನೆ, ಅಜ್ಜಿಯ ಸೆಟ್ ಹೊಸದಾಗಿ ನೀನೇ ಮಾಡು ಅಂದರು. ಥ್ಯಾಂಕ್ಯೂ ಸಾರ್ ಅಂದೆ. ಅಭ್ಯಾಸ. ಬಾಯಿಂದ ತಾನಾಗಿ ಬಂತು.

ನನ್ನನ್ನು ಇಟ್ಟುಕೊಂಡರು ಅಂತ ಅಮ್ಮನಿಗೆ ಹೇಳಿದೆ. ಬೀದಿಗೆಲ್ಲ ಹೇಳಿಕೊಂಡು ಬಂದಳಂತೆ.

ಜೂನ್ 26, ಬುಧವಾರ. ಲ್ಯಾಬ್

ಅಜ್ಜಿಯ ಸೆಟ್ ಇವತ್ತು ಮುಗಿಯಿತು. ಮೂರು ಸಲ ಮೇಣದ ಹಂತಕ್ಕೇ ವಾಪಸ್ ಹೋಗಿ ಮಾಡಿದ್ದು. ಮುಂದಿನ ಹಲ್ಲು ಸ್ವಲ್ಪ ಸೊಟ್ಟ. ಕೇಳೋಣವೆಂದರೆ ಯಾರಿದ್ದಾರೆ?

ಅಕ್ಕನಿಗೆ ಫೋನ್ ಮಾಡಿದೆ. ಎತ್ತುವುದಿಲ್ಲ ಅಂದುಕೊಂಡೇ ಮಾಡಿದ್ದು. ಎತ್ತಿದರು. ಹೇಗಿದ್ದೀರಿ ಅನ್ನುವ ಬದಲು ಅಜ್ಜಿಯ ಸೆಟ್ ನಾನೇ ಮಾಡಿದೆ ಅಂದೆ.

"ಒಳಮೈ ಮುಟ್ಟಿದ್ಯಾ?"

"ಇಲ್ಲ ಅಕ್ಕ."

"ಹ್ಞೂಂ."

ಬೇರೆ ಎಲ್ಲಾದರೂ ಕೆಲಸ ಸಿಕ್ಕಿತಾ ಅಂದೆ. ಎಲ್ಲ ಕಡೆ ಮೆಷಿನ್ ಕಣೇ ಅಂದರು. ಇಟ್ಟರು.

ಪ್ಯಾಕೆಟ್ ಅಂಟಿಸಿಯಾಯಿತು. ಇದಾದ ಮೇಲೆ ಬೇರೆ ಆರ್ಡರ್ ಇಲ್ಲ. ನಾಳೆಗೂ ಇಲ್ಲ. ಖಾಲಿ ಸ್ಟೂಲು, ಖಾಲಿ ಟ್ರೇ, ನಾನು. ಕಾಲು ಚಾಚಿ ನೋಡಿದೆ, ಅಕ್ಕನ ಹಾಗೆ. ಸುಮ್ಮನೆ ಕೂರುವುದನ್ನಾದರೂ ಕಲಿಯಬೇಕು. ಈ ಲ್ಯಾಬಿನಲ್ಲಿ ಇನ್ನು ಕಲಿಯಲು ಉಳಿದಿರುವುದು ಅದೊಂದೇ.

ಮೆಟ್ಟಿಲ ಮೇಲೆ ಸಾರ್ ಚಪ್ಪಲಿ ಸದ್ದು. ಏಳುವುದಿಲ್ಲ. ಬಟ್ಟೆ ಎಲ್ಲಿದೆ ಅಂತ ಮಾತ್ರ ನೋಡಿ —