ಒರಳಿನ ಹಾಡಿಗೆ ಯಾರ ಹೆಸರು

ಎಂಜಿಂಬಾ, ಮಲಾವಿ
ಜೂನ್ 11, 1998

ತೊವೇರಾ,

ನಿನ್ನ ಬುದ್ಧಿ ನೆಟ್ಟಗಿದೆಯೇನೇ? ನನ್ನನ್ನೊಂದು ಮಾತು ಕೇಳದೆ ವಕೀಲರ ಕಾಗದದಲ್ಲಿ ಒರಳಿನ ಹಾಡು ಕಟ್ಟಿದವಳೆಂದು ನನ್ನ ಹೆಸರು ಬರೆಸಿ, ಸಹಿ ಹಾಕು ಅಜ್ಜೀ ಎಂದು ಕಳಿಸಿದ್ದೀಯಲ್ಲ! ಮೂರನೇ ತರಗತಿ ಓದಿದವಳು ನಾನು, ಸಹಿ ಬರುತ್ತದೆ. ಸುಳ್ಳಿಗೆ ಹಾಕಲು ಕೈ ಏಳುತ್ತಿಲ್ಲ.

ಆ ಹಾಡು ಈಗ ಪರದೇಶದ ರೇಡಿಯೊಗಳಲ್ಲೆಲ್ಲ ಬರುತ್ತದೆ, ಅದಕ್ಕೆ ಮದುವೆಗಳಲ್ಲಿ ಕುಣಿಯುತ್ತಾರೆ, ಆದರೆ ಕಟ್ಟಿದವರ ಹೆಸರೇ ಇಲ್ಲ ಎಂದು ಬರೆದಿದ್ದೀಯ. ಕುಣಿಯಲಿ. "ಜೋಳ ಮುಗೀತು ಅತ್ತೇ, ಇನ್ನು ನನ್ನನ್ನೇ ಒರಳಿಗೆ ಸುರೀರಿ" ಎನ್ನುವ ಮಾತು ಅವರಿಗೆಲ್ಲಿ ತಿಳಿಯಬೇಕು?

ಅದನ್ನು ಕಟ್ಟಿದವಳು ತೀರಿಹೋದ ನಿನ್ನ ಅಮ್ಮ, ನ್ಯಾಕುಮ್ವೆಂಡ. ಹಾಡಿನ ಅತ್ತೆ ನಾನು.

ಅವಳು ಕುಟ್ಟಿದ ಹಿಟ್ಟನ್ನು ಬೆರಳಲ್ಲಿ ತಿಕ್ಕಿ, ಒರಟು ಎಂದು ಮತ್ತೆ ಒರಳಿಗೇ ಸುರಿಯುತ್ತಿದ್ದೆ. ಆಗ ನೀನು ಅವಳ ಬೆನ್ನಿಗೆ ಕಟ್ಟಿದ ಕೂಸು. ನಮ್ಮಲ್ಲಿ ಸೊಸೆ ಅತ್ತೆಗೆ ಎದುರಾಡುವಂತಿಲ್ಲ. ಆದರೆ ಒನಕೆ ಹಿಡಿದು ಏನು ಹಾಡಿದರೂ ಅತ್ತೆ ಸಿಟ್ಟಾಗುವಂತಿಲ್ಲ, ಕಟ್ಟಿದ್ದು ಯಾರೆಂದು ಕೇಳುವಂತಿಲ್ಲ. ನೆರೆಯ ಹೆಂಗಸರು, "ಏನ್ ನ್ಯಾಗೊಂಡ್ವೆ, ಸೊಸೆ ಜೋಳದ ಜೊತೆ ನಿನ್ನನ್ನೂ ಕುಟ್ತಿದಾಳಲ್ಲೇ!" ಎಂದು ನಗುತ್ತಿದ್ದರು. ಹಾಡು ಚೆನ್ನಾಗಿತ್ತು. ಅದೇ ನನಗೆ ಉರಿ.

ಒಂದು ದಿನ ಧ್ವನಿ ಹಿಡಿಯುವ ಪೆಟ್ಟಿಗೆ ಹೊತ್ತು ಬಿಳಿಯನೊಬ್ಬ ಬಂದ. ಅವಳು ಹಾಡಿದಳು. "ಯಾರ ಹಾಡಮ್ಮಾ ಇದು?" ಎಂದು ಕೇಳಿದ. "ಯಾರ್ದೂ ಅಲ್ಲಪ್ಪಾ, ಒರಳಿಂದು" ಎಂದೆ ನಾನು. ಹಾಗೇ ಬರೆದುಕೊಂಡು ಹೋದ. ಸೊಸೆಯರು ಬೈಗುಳ ತಿನ್ನಬಾರದೆಂದು ನಾವೆಲ್ಲ ಹೇಳಿಕೊಂಡು ಬಂದ ಮಾತದು. ನಾನೂ ಅದನ್ನೇ ಹೇಳಿದೆ, ಅಷ್ಟೆ.

ಕಾಗದದಲ್ಲಿ ನನ್ನ ಹೆಸರು ಹೊಡೆದುಹಾಕಿ ಅವಳದು ಬರೆದಿದ್ದೇನೆ. ಅಕ್ಷರ ಸೊಟ್ಟಗಿದೆ, ಓದಲು ಬರುತ್ತದೆ. ಕೆಳಗೆ ಸಾಕ್ಷಿಯೆಂದು ನನ್ನ ಸಹಿ ಇದೆ. ವಕೀಲರು ಕರೆದರೆ ಬಂದು ಬಾಯಲ್ಲೂ ಹೇಳುತ್ತೇನೆ.

ನಿನ್ನ ಅಜ್ಜಿ,
ನ್ಯಾಗೊಂಡ್ವೆ

ಇನ್ನೊಂದು ಮಾತು. ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ. ಅವನು ಕೇಳಿದಾಗ ನಿನ್ನ ಅಮ್ಮ ಒನಕೆ ಕೆಳಗಿಟ್ಟು, "ಅದು ನಾನೇ..." ಎಂದು ಬಾಯಿ ತೆರೆದಿದ್ದಳು. "ಒಲೆ ಮೇಲೆ ನೀರು ಉಕ್ತಿದೆ, ಹೋಗೇ!" ಎಂದು ಅವಳನ್ನು ಒಳಗಟ್ಟಿದೆ. ಒಲೆ ಹೊತ್ತಿಸಿಯೇ ಇರಲಿಲ್ಲ. ಆಮೇಲೆ ಅವಳು ಸಾಯುವವರೆಗೂ ಒಂದೇ ಒಂದು ಹಾಡು ಕಟ್ಟಲಿಲ್ಲ. ಬೈಯುವುದಿದ್ದರೆ ಬೈ. ಆದರೆ ಮುಂದಿನ ತಿಂಗಳು ಹುಟ್ಟುವುದರೊಳಗೆ ಉತ್ತರ ಬರೆ.