ಮೊಂಡನಿಗೆ ಸಿಕ್ಕ ಕೆಲಸ

ಅಣ್ಣಾ,

ಓದಲು ನೀನಿಲ್ಲ, ಆದರೂ ಹೇಳುತ್ತೇನೆ. ನೀನು ಕೊನೆಯ ಸಲ ಹತ್ತಿದ ಕುದುರೆ, ನಮ್ಮ ಮೊಂಡನನ್ನು ಇವತ್ತು ಬಿಟ್ಟು ಬಂದೆ. ನೀನು ಹೋದ ಮೇಲೆ ಅವನೂ ರೇಸ್ ಓಡಲಿಲ್ಲ. ಅವನಿಗೊಂದು ನೆಲೆ ಹುಡುಕಿ ಅಲೆದು ಅಲೆದು ಸಾಕಾಗಿಹೋಗಿತ್ತು. ಮೂರು ಕಡೆಯವರು "ಇದರ ಸಿಟ್ಟು ನಮಗೆ ಬೇಡಪ್ಪಾ" ಎಂದು ವಾಪಸ್ ಕಳಿಸಿದ್ದರು. ಕೊನೆಗೆ ಒಪ್ಪಿಕೊಂಡದ್ದು, ಕಾಲಲ್ಲಿ ಶಕ್ತಿಯಿಲ್ಲದ ಮಕ್ಕಳ ಶಾಲೆ; ಅಲ್ಲಿ ಕುದುರೆ ಸವಾರಿಯೂ ಮಕ್ಕಳಿಗೆ ಒಂದು ಚಿಕಿತ್ಸೆ. ಪುಟ್ಟ ಹುಡುಗಿಯೊಬ್ಬಳನ್ನು ಬೆನ್ನ ಮೇಲೆ ಕೂರಿಸಿದರೆ ಕಿವಿಯನ್ನೂ ಅಲ್ಲಾಡಿಸದೆ ನಿಂತ.

"ಇಷ್ಟು ಸಾಧು ಪ್ರಾಣೀನ ಮೊಂಡ ಅಂತೀರಲ್ಲ!" ಎಂದು ಟೀಚರಮ್ಮ ನಕ್ಕರು.

ಆಮೇಲೆ ಅಲ್ಲಿನ ಪಶುವೈದ್ಯರು ಅವನ ಮುಂಗಾಲು ಸವರಿ ನೋಡಿದರು. "ಹಳೇ ನೋವಿದು. ಮಕ್ಕಳ ಭಾರಕ್ಕೆ ಏನೂ ಆಗಲ್ಲ. ಆದ್ರೆ ಈ ಕಾಲಲ್ಲಿ ರೇಸ್ ಓಡಿಸಿದ್ರಾ? ಮುಂಚೆ ಯಾರಿಗೂ ಗೊತ್ತಾಗ್ಲಿಲ್ವಾ?"

ಆ ಕೊನೆಯ ರೇಸಿನ ಬೆಳಿಗ್ಗೆ ನೀನು ಲಾಯದ ಬಾಗಿಲಲ್ಲಿ ನಿಂತು, "ಇವತ್ತು ಬೇಡ ಕಣೋ, ಇವನು ಕಾಲು ಊರ್ತಿಲ್ಲ" ಎಂದಿದ್ದೆ. ತರಬೇತಿ ಕೊಟ್ಟವನು ನಾನಲ್ಲವೇ? "ಹೆದರಿಕೆ ನಿಂಗೆ, ಕುದುರೆಗಲ್ಲ" ಎಂದು ನಕ್ಕು ನಿನ್ನನ್ನು ಹತ್ತಿಸಿದ್ದೆ. ಆ ಓಟವನ್ನು ನೀನು ಮುಗಿಸಲೇ ಇಲ್ಲ.

"ಯಾರಿಗೂ ಗೊತ್ತಾಗ್ಲಿಲ್ಲ ಡಾಕ್ಟ್ರೇ" ಎಂದೆ. ಅವರು ಹಾಗೆಯೇ ಬರೆದುಕೊಂಡರು.