ಕಿತ್ತಳೆ ಕೋಟಿನವನು

ಭಾನುವಾರ, ಸಂಜೆ

ನನ್ನ ಗುಬ್ಬಿಗೆ,

ಚೆನ್ನಾಗಿದ್ದೇನೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನ ಮಾತು ಓದಿದ ಕೂಡಲೇ ನೀನು ಗಾಬರಿಯಾಗುತ್ತೀಯ. ಹೋದ ವಾರ ಬೀದಿಯಲ್ಲಿ ಜಾರಿ ಬಿದ್ದೆ. ಹಣೆ ತರಚಿತು, ಅಷ್ಟೇ. ಫೋನಿನಲ್ಲಿ ಹೇಳಿದರೆ ಅರ್ಧಕ್ಕೇ ಬೈಯಲು ಶುರುಮಾಡುತ್ತೀಯ. ಅದಕ್ಕೇ ಈ ಕಾಗದ.

ಬೆಳಿಗ್ಗೆ ಬ್ರೆಡ್ಡು ತರಲು ಹೋಗಿದ್ದೆ. ಅಂಗಡಿಯವನು ಆಗಷ್ಟೇ ಮೆಟ್ಟಿಲು ತೊಳೆದಿದ್ದ. ಕಾಲಿಟ್ಟದ್ದಷ್ಟೇ ನೆನಪು. ಕನ್ನಡಕ ಎಲ್ಲಿಗೋ ಹಾರಿತು. ಕಣ್ಣೆದುರು ಮಸುಕು ಮಸುಕಾಗಿ ಕಿತ್ತಳೆ ಬಣ್ಣದ ಕೋಟೊಂದು ಬಂತು. ಬೀದಿ ಗುಡಿಸುವವರು ಹಾಕಿಕೊಳ್ಳುತ್ತಾರಲ್ಲ, ಅದು. ತಲೆಗೆ ಟೋಪಿ, ಬಾಯಿಗೆ ಬಟ್ಟೆ. "ಭಾರ ನನ್ ಮೇಲೆ ಬಿಡಿ ಅಮ್ಮಾ," ಅಂದ, ದಪ್ಪ ದನಿಯಲ್ಲಿ. ನನ್ನಂಥ ದೇಹವನ್ನು ಎರಡನೇ ಮಹಡಿಯವರೆಗೆ ಹೆಚ್ಚುಕಡಿಮೆ ಹೊತ್ತುಕೊಂಡೇ ಬಂದ. ಮನೆ ಯಾವುದೆಂದು ಕೇಳಲೂ ಇಲ್ಲ! ಮಲಗಿಸಿ, ಕನ್ನಡಕ ತೊಳೆದು ಕೈಗಿಟ್ಟ. ನಾನದನ್ನು ಹಾಕಿಕೊಳ್ಳುವಷ್ಟರಲ್ಲಿ ಮೆಟ್ಟಿಲ ಮೇಲೆ ಬೂಟಿನ ಸದ್ದು.

ಓಡಾಡುವಂತಾದ ಮೇಲೆ ನಾಲ್ಕು ಒಳ್ಳೆಯ ಮಾತು ಹೇಳಿ ಬರೋಣವೆಂದು ಕೆಳಗಿಳಿದೆ. ಅಲ್ಲಿಂದಲೇ ಪೇಚಾಟ. ಎಲ್ಲರಿಗೂ ಒಂದೇ ಥರದ ಕೋಟು, ಒಂದೇ ಥರದ ಟೋಪಿ. ಇಷ್ಟು ವರ್ಷದಿಂದ ಈ ಬೀದಿಯಲ್ಲಿದ್ದೇನೆ, ಒಬ್ಬರ ಮುಖವೂ ಗುರುತಿಲ್ಲವಲ್ಲೇ! ಎತ್ತರದವನನ್ನು ಕೇಳಿದರೆ, "ನಾನಲ್ಲಮ್ಮ, ಅವನಿರಬೇಕು," ಅಂದ. ಮೀಸೆಯವನು, "ನಾನಾಗಿದ್ರೆ ಹೇಳ್ತಿರ್ಲಿಲ್ವಾ?" ಅಂದ. ಅವರ ಜೊತೆಗಿನ ಹೆಂಗಸು ತಲೆಯೆತ್ತದೆ ಗುಡಿಸುತ್ತಿದ್ದಳು. ಏನೋ ಕದ್ದು ಸಿಕ್ಕಿಬಿದ್ದವರ ಹಾಗೆ ಎಲ್ಲರೂ ನುಣುಚಿಕೊಂಡರು.

ಬಿಡುವವಳೇ ನಾನು? ಅವರ ಮೇಸ್ತ್ರಿಯ ಹತ್ತಿರ ಹೋದೆ. ಹೊಗಳಬೇಕೆಂದೇ ಹೋದದ್ದು, ನಿನ್ನಾಣೆ. ಆತ ಕುರ್ಚಿ ಎಳೆದುಕೊಟ್ಟು ಎಲ್ಲ ಕೇಳಿಸಿಕೊಂಡ. ಆಮೇಲೆ, "ಓಹೋ, ಕಸದ ಗಾಡಿನ ನಡುಬೀದೀಲಿ ಬಿಟ್ಟು ಹೋಗಿದ್ದು ಅದಕ್ಕಾ? ಅವತ್ತು ಬಸ್ಸು ಕಾರು ಎಲ್ಲ ನಿಂತು ದೊಡ್ಡ ರಗಳೆ ಆಯ್ತು. ಯಾರು ಅಂತ ತೋರಿಸಿ, ಇವತ್ತೇ ಕೆಲಸದಿಂದ ತೆಗೀತೀನಿ," ಅಂದ. ಹಣೆಗೆ ಪಟ್ಟಿ ಅಂಟಿಸಿಕೊಂಡೇ, "ಯಾರೂ ಎತ್ತಲಿಲ್ಲಪ್ಪ, ನಾನು ಬಿದ್ದೇ ಇಲ್ಲ," ಎಂದೆ. ಆತ ಪಟ್ಟಿಯನ್ನೇ ನೋಡುತ್ತ ಕೂತ. ನಾನು ಎದ್ದು ಬಂದುಬಿಟ್ಟೆ.

ಈಗ ಏನು ಮಾಡಲಿ, ನೀನೇ ಹೇಳು. ಒಳ್ಳೆಯ ಮಾತಾಡಿದರೆ ಅವನಿಗೆ ಕುತ್ತು, ಸುಮ್ಮನಿದ್ದರೆ ನನಗೆ ನಿದ್ದೆಯಿಲ್ಲ. ಅವನು ಯಾರೇ ಆಗಿರಲಿ, ನನ್ನ ನಮಸ್ಕಾರ ತಲುಪಲಿ ಎಂದು ಕಿಟಕಿಯಲ್ಲಿ ನಿಂತು ಎಲ್ಲರಿಗೂ ಕೈಬೀಸುತ್ತೇನೆ. ಅವರೂ ಬೀಸುತ್ತಾರೆ. ಮುಖಗಳು ಈಗ ಗುರುತಾಗಿವೆ. ಮೀಸೆಯವನಿಗೆ ಕೆಮ್ಮು ಹತ್ತಿದೆ ಅನ್ನುವುದೂ ಗೊತ್ತು. ಆ ಹೆಂಗಸಂತೂ ಕೆಲಸ ಮುಗಿಸಿ ದಿನಾ ಮೇಲೆ ಬಂದು ಹಾಲು ಕಾಯಿಸಿಕೊಡುತ್ತಾಳೆ. ನಾನೇನೂ ಕರೆದಿರಲಿಲ್ಲ. ಯಾಕೆ ಬರುತ್ತಾಳೋ, ಅದೂ ತಿಳಿಯದು. ನನ್ನ ತಲೆಯೊಳಗೆ ಎಲ್ಲ ಕಲಸುಮೇಲೋಗರ.

ಬಿದ್ದರೂ ಗಟ್ಟಿಯಾಗಿಯೇ ಇರುವ,
ನಿನ್ನ ಅಮ್ಮ

ತಾ.ಕ.: ಅಕ್ಕಾ, ಅಕ್ಷರ ನೋಡಿದಾಗಲೇ ನಿಮಗೆ ಗೊತ್ತಾಗಿರುತ್ತೆ, ಇದು ಅಮ್ಮ ಬರೆದಿದ್ದಲ್ಲ. ಹಾಲು ಕಾಯಿಸೋಕೆ ಬರೋಳು ನಾನು. ಯಾಕೆ ಬರ್ತೀನೋ ಗೊತ್ತಿಲ್ಲ ಅಂತ ನನ್ನ ಕೈಲೇ ಬರೆಸಿದ್ರು, ನಗು ತಡೆಯೋಕಾಗ್ಲಿಲ್ಲ. ಅಮ್ಮನ ಬಲಗೈ ಮುರಿದು ಪ್ಲಾಸ್ಟರ್ ಹಾಕಿದ್ದಾರೆ. ಅದನ್ನ ಮಾತ್ರ ಬರೀಬೇಡ ಅಂದ್ರು. 'ಬಂದ', 'ಅಂದ' ಅಂತ ಅವರು ಹೇಳಿದ್ದನ್ನ ಹಾಗೇ ಬರೆದಿದ್ದೀನಿ, ಆದ್ರೆ ಅವತ್ತು ಎತ್ಕೊಂಡು ಬಂದಿದ್ದು ನಾನೇ. ಅಮ್ಮನಿಗೆ ಈಗಲೇ ಹೇಳ್ಬೇಡಿ, ಅವರ ಬಾಯಲ್ಲಿ ಗುಟ್ಟು ನಿಲ್ಲಲ್ಲ. ತಲೆ ಬಾಚ್ಕೊಳ್ಳೋಕೂ ಕಷ್ಟಪಡ್ತಿದ್ದಾರೆ. ಬೇಗ ಬನ್ನಿ.